ಗೇಮಿಂಗ್ ಲ್ಯಾಪ್‌ಟಾಪ್‌ಗೆ ವಿಡಿಯೊ ಮೆಮೊರಿ ಎಷ್ಟಿರಬೇಕು? 4, 6, 8, 12 ಜಿಬಿ ಆಡಿ ನೋಡಿದ ಹೋಲಿಕೆ

ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಸಾಲದಿದ್ದರೆ ಎಷ್ಟೋ ಮಾಡೆಲ್‌ಗಳಲ್ಲಿ ಇನ್ನೊಂದು ಸ್ಟಿಕ್ ಹಾಕಿಸಬಹುದು. ಎಸ್‌ಎಸ್‌ಡಿ ತುಂಬಿದರೆ ದೊಡ್ಡದು ಕೂರಿಸಬಹುದು. ಗ್ರಾಫಿಕ್ಸ್ ಚಿಪ್ ತನ್ನ ಕೆಲಸಕ್ಕೆ ಬಳಸುವ ವಿಡಿಯೊ ಮೆಮೊರಿಗೆ ಆ ದಾರಿ ಇಲ್ಲ. ಆ ಚಿಪ್‌ನ ಸುತ್ತ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಹಾಗಾಗಿ ತಲೆ ಕೆಡಿಸಿಕೊಳ್ಳುವುದಿದ್ದರೆ ಕೊಳ್ಳುವ ಮೊದಲೇ ಕೆಡಿಸಿಕೊಳ್ಳಬೇಕು.

ನನ್ನ ಮತ್ತು ಸ್ನೇಹಿತರ ಮಷೀನುಗಳಲ್ಲಿ ನಾಲ್ಕು ಅಳತೆಗಳನ್ನೂ ಆಡಿ ನೋಡಿದ್ದೇನೆ. 4 ಜಿಬಿಯ ಎನ್‌ವಿಡಿಯಾ ಆರ್‌ಟಿಎಕ್ಸ್ 3050, 6 ಜಿಬಿಯ 4050, 8 ಜಿಬಿಯ 4060, 12 ಜಿಬಿಯ 4080. ಎಲ್ಲವೂ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳೇ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಇವತ್ತು ಹೊಸದು ಕೊಳ್ಳುವವರು 8 ಜಿಬಿಗಿಂತ ಕೆಳಗೆ ಇಳಿಯಬಾರದು. ಸ್ಕ್ರೀನ್ 1440ಪಿ (ಎತ್ತರಕ್ಕೆ 1440 ಪಿಕ್ಸೆಲ್) ಅಥವಾ ಅದಕ್ಕೂ ಜಾಸ್ತಿ ಇದ್ದು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬಿಡಿಸುವ ವಿಧಾನ) ಕೂಡ ಬೇಕು ಅನ್ನುವವರಿಗೆ 12.

4 ಜಿಬಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ತರಹದ ಗೇಮ್‌ಗಳಿಗೆ ಸಾಕು, ಆರಾಮಾಗಿ ಓಡುತ್ತವೆ. ಅದರಾಚೆಗೆ ಕಷ್ಟ. ಸೈಬರ್‌ಪಂಕ್ 2077ಕ್ಕೆ 2023ರ ಪರಿಷ್ಕರಣೆಯ ನಂತರ ಕನಿಷ್ಠ ಬೇಕಾದ ವಿಡಿಯೊ ಮೆಮೊರಿಯೇ 6 ಜಿಬಿ. 4 ಜಿಬಿಯಲ್ಲಿ ಶುರುವಾಗುತ್ತದೆ ನಿಜ, ಆದರೆ ಗಾಡಿ ಓಡಿಸುತ್ತಾ ಹೋದರೆ ರಸ್ತೆ ಬದಿಯ ಗೋಡೆಗಳು ಮೊದಲು ಮಸುಕಾಗಿ ಬಂದು, ಹತ್ತಿರ ಹೋದ ಮೇಲೆ ಸರಿಯಾಗುತ್ತವೆ.

ನಿಜವಾದ ಪೈಪೋಟಿ ಇರುವುದು 6 ಮತ್ತು 8ರ ನಡುವೆ. ಹೆಚ್ಚಿನವರು ಯೋಚಿಸುವುದೂ ಇಲ್ಲೇ ಅಲ್ವಾ?

ರೆಸಿಡೆಂಟ್ ಈವಿಲ್ 4 ರೀಮೇಕ್ ಇದಕ್ಕೆ ಒಳ್ಳೆಯ ಪರೀಕ್ಷೆ. ಅದರ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ (ಗೋಡೆ, ಬಟ್ಟೆ, ಮುಖದ ಮೇಲೆ ಅಂಟಿಸುವ ಚಿತ್ರ) ಆಯ್ಕೆಗಳ ಪಕ್ಕದಲ್ಲೇ ಜಿಬಿ ಲೆಕ್ಕ ಬರೆದಿರುತ್ತದೆ. ಒಂದೊಂದು ಆಯ್ಕೆ ಬದಲಿಸಿದಾಗಲೂ ಎಷ್ಟು ಮೆಮೊರಿ ಬೇಕು ಅನ್ನುವ ಅಂದಾಜು ಅಲ್ಲೇ ಏರಿಳಿಯುತ್ತದೆ. 1080ಪಿಯಲ್ಲಿ ಎರಡೂ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು, ಒಂದೇ ಸೆಟ್ಟಿಂಗ್ ಕೊಟ್ಟು ನೋಡಿದೆ. 8 ಜಿಬಿಯಲ್ಲಿ ಇನ್ನೂ ಜಾಗ ಇದೆ ಎಂದು ತೋರಿಸುತ್ತಿದ್ದ ಕಡೆ 6 ಜಿಬಿಯಲ್ಲಿ ಲೆಕ್ಕ ಮಿತಿ ದಾಟಿತ್ತು. ಆಡುವಾಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹೊಸ ಜಾಗಕ್ಕೆ ಕಾಲಿಟ್ಟಾಗ, ಥಟ್ಟನೆ ಹಿಂದಕ್ಕೆ ತಿರುಗಿದಾಗ 6 ಜಿಬಿ ಮಷೀನು ಅರೆಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ವಿಡಿಯೊ ಮೆಮೊರಿ ಸಾಲದಿದ್ದಾಗ ಕಾಣುವ ಲಕ್ಷಣವೇ ಇದು. ಬರೀ ಸರಾಸರಿ ಎಫ್‌ಪಿಎಸ್ ತೋರಿಸುವ ರಿವ್ಯೂಗಳನ್ನು ನಂಬಿ 6 ಸಾಕು ಅಂದುಕೊಳ್ಳಬೇಡಿ. '1% ಲೋ', ಅಂದರೆ ಅತಿ ನಿಧಾನವಾದ ಶೇ 1ರಷ್ಟು ಫ್ರೇಮ್‌ಗಳ ವೇಗದ ಅಂಕಿ ಕೊಟ್ಟಿದ್ದರೆ ಅದನ್ನು ನೋಡಿ.

ಹೀಗೇಕೆ ಆಗುತ್ತದೆ? 4060 ಲ್ಯಾಪ್‌ಟಾಪ್ ಚಿಪ್ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 256 ಜಿಬಿ ವೇಗದಲ್ಲಿ ಓದಬಲ್ಲದು. ಆ ಮೆಮೊರಿ ತುಂಬಿದರೆ ಉಳಿದದ್ದು ಲ್ಯಾಪ್‌ಟಾಪ್‌ನ ಮಾಮೂಲಿ ರ‍್ಯಾಮ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ತರಿಸಿಕೊಳ್ಳಲು ಇರುವುದು ಗ್ರಾಫಿಕ್ಸ್ ಚಿಪ್ ಅನ್ನು ಉಳಿದ ಲ್ಯಾಪ್‌ಟಾಪ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿ. 4060ಗೆ ಸಿಗುವ ಎಂಟು ಲೇನ್‌ಗಳಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 16 ಜಿಬಿ. ಹದಿನಾರು ಪಟ್ಟು ಕಡಿಮೆ! ಚಿಪ್ ಎಷ್ಟೇ ಚುರುಕಾಗಿದ್ದರೂ ಸಾಮಾನು ಬರುವವರೆಗೆ ಕಾಯಲೇಬೇಕು.

ಮೆಮೊರಿಯಲ್ಲಿ ದೊಡ್ಡ ಪಾಲು ತಿನ್ನುವುದು ಟೆಕ್ಸ್ಚರ್‌ಗಳು. 4096 × 4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್‌ ಅನ್ನು ಪಿಕ್ಸೆಲ್‌ಗೆ ಒಂದು ಬೈಟ್‌ನಂತೆ ಕುಗ್ಗಿಸಿಟ್ಟರೂ 16 ಎಂಬಿ. ದೂರದಿಂದ ತೋರಿಸಲು ಬೇಕಾದ ಚಿಕ್ಕ ಪ್ರತಿಗಳೂ ಸೇರಿದರೆ ಸುಮಾರು 21 ಎಂಬಿ. ಅದನ್ನೇ 2048ಕ್ಕೆ ಇಳಿಸಿದರೆ 5 ಎಂಬಿ ಚಿಲ್ಲರೆ. ಒಂದೇ ಹೆಜ್ಜೆಗೆ ಕಾಲು ಭಾಗ! ಇನ್ನೊಂದು ವಿಷಯ: ಮೆಮೊರಿಯಲ್ಲಿ ಜಾಗ ಇದ್ದರೆ ಟೆಕ್ಸ್ಚರ್ ಹೈ ಇಟ್ಟರೂ ಎಫ್‌ಪಿಎಸ್ ಅಷ್ಟಾಗಿ ಇಳಿಯುವುದಿಲ್ಲ. ನೆರಳು, ಬೆಳಕು ಹೆಚ್ಚಿಸಿದಷ್ಟೂ ಚಿಪ್‌ಗೆ ಕೆಲಸ ಜಾಸ್ತಿ. ಟೆಕ್ಸ್ಚರ್‌ಗೆ ಬೇಕಾದದ್ದು ಮುಖ್ಯವಾಗಿ ಜಾಗ. 6ರಿಂದ 8ಕ್ಕೆ ಹೋದಾಗ ಗೇಮ್ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ಖುಷಿಯಾಗುವುದು ಇದರಿಂದಲೇ.

ಹಾಗಂತ 8 ಜಿಬಿ ಇದ್ದರೆ ಚಿಂತೆಯೇ ಇಲ್ಲ ಅಂತಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್ ಕನಿಷ್ಠ ಎಂದೇ 8 ಜಿಬಿ ಕೇಳುತ್ತದೆ. ಪೂರ್ತಿ ರೇ ಟ್ರೇಸಿಂಗ್ ಬೇಕಿದ್ದರೆ 12. ಅದರಲ್ಲಿ 'ಟೆಕ್ಸ್ಚರ್ ಪೂಲ್ ಸೈಜ್' ಅಂತ, ಟೆಕ್ಸ್ಚರ್‌ಗಳಿಗೆ ಎಷ್ಟು ಜಾಗ ಮೀಸಲಿಡಬೇಕು ಅನ್ನುವ ಒಂದು ಆಯ್ಕೆ ಇದೆ. 4060ರಲ್ಲಿ ಅದನ್ನು ಮಿತಿಯೊಳಗೆ ಇಟ್ಟರೆ ಗೇಮ್ ನುಣ್ಣಗೆ ಓಡುತ್ತದೆ. ಬೇರೇನೂ ಮುಟ್ಟದೆ ಅದೊಂದನ್ನೇ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಎಫ್‌ಪಿಎಸ್ ನೆಲಕಚ್ಚುತ್ತದೆ, ಆಡಲು ಆಗುವುದೇ ಇಲ್ಲ. ವಾಪಸ್ ಇಳಿಸಿದರೆ ಎಲ್ಲಾ ಸರಿ. ಚಿಪ್‌ಗೆ ತಾಕತ್ತು ಇತ್ತು, ಜಾಗ ಇರಲಿಲ್ಲ. ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

12 ಜಿಬಿಯ 4080ರಲ್ಲಿ 2560 × 1600 ಸ್ಕ್ರೀನ್‌ನಲ್ಲಿ ಸೈಬರ್‌ಪಂಕ್ ರೇ ಟ್ರೇಸಿಂಗ್ ಜತೆ ಆಡಿದೆ. ಸೆಟ್ಟಿಂಗ್ಸ್ ಪುಟಕ್ಕೆ ಹೋಗಬೇಕು ಅನ್ನಿಸಲೇ ಇಲ್ಲ, ಅಷ್ಟು ನೆಮ್ಮದಿ. ಆದರೆ ಅದೇ ಮಷೀನಿನಲ್ಲಿ 1080ಪಿಗೆ ಇಳಿಸಿ, ರೇ ಟ್ರೇಸಿಂಗ್ ತೆಗೆದು ನೋಡಿದಾಗ ಮೆಮೊರಿಯಲ್ಲಿ ಒಳ್ಳೆ ಜಾಗ ಸುಮ್ನೆ ಖಾಲಿ ಬಿದ್ದಿತ್ತು. ಖಾಲಿ ಇರುವ ಮೆಮೊರಿ ಒಂದು ಫ್ರೇಮನ್ನೂ ಹೆಚ್ಚು ಕೊಡುವುದಿಲ್ಲ. 1080ಪಿ ಸ್ಕ್ರೀನ್ ಇರುವವರು 12 ಜಿಬಿಗಾಗಿ ದುಡ್ಡು ಸುರಿಯುವುದಕ್ಕಿಂತ ಒಳ್ಳೆಯ ಕೂಲಿಂಗ್ ಇರುವ 8 ಜಿಬಿ ಮಷೀನು ನೋಡುವುದು ವಾಸಿ.

ಅಂಗಡಿಯಲ್ಲಿ ಎಡವುವ ಜಾಗಗಳನ್ನೂ ಹೇಳಬೇಕು. ಹೆಸರು ನೋಡಿ ಮೆಮೊರಿ ಊಹಿಸಬೇಡಿ. ಡೆಸ್ಕ್‌ಟಾಪ್ 4070ಗೆ 12 ಜಿಬಿ, ಲ್ಯಾಪ್‌ಟಾಪ್ 4070ಗೆ 8 ಜಿಬಿ. ಅಂದರೆ ಲ್ಯಾಪ್‌ಟಾಪ್‌ನಲ್ಲಿ 4060 ಮತ್ತು 4070 ಎರಡರದ್ದೂ ಅಷ್ಟೇ ಮೆಮೊರಿ, ಚಿಪ್‌ಗೂ ಮೆಮೊರಿಗೂ ನಡುವೆ ಅದೇ 128 ಬಿಟ್ ದಾರಿ. ಮೆಮೊರಿ ಸಾಲದು ಅಂತ 4060 ಬಿಟ್ಟು 4070 ಕೊಂಡರೆ ಆ ತೊಂದರೆ ಹಾಗೇ ಉಳಿಯುತ್ತದೆ. ಮುಂದಿನ ಪೀಳಿಗೆಯ 5060, 5070 ಕೂಡ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಯೊಂದಿಗೇ ಬಂದವು. 12 ಬೇಕಿದ್ದರೆ 5070 ಟಿಐ.

ಗ್ರಾಫಿಕ್ಸ್ ಚಿಪ್‌ಗೆ ಎಷ್ಟು ವ್ಯಾಟ್ ವಿದ್ಯುತ್ ಕೊಟ್ಟಿದ್ದಾರೆ ಅಂತಲೂ ಕೇಳಿ. 4050 ಮತ್ತು 4060 ಎರಡನ್ನೂ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ತೆಳ್ಳಗಿನ ಮೈಯಲ್ಲಿ ಕಡಿಮೆ ವ್ಯಾಟ್‌ಗೆ ಕಟ್ಟಿಹಾಕಿದ 4060ಕ್ಕೆ 8 ಜಿಬಿ ಇದ್ದರೂ ವೇಗ ನಿರಾಸೆ ತರುತ್ತದೆ.

ಇನ್ನು ವಿಂಡೋಸ್ ಟಾಸ್ಕ್ ಮ್ಯಾನೇಜರ್. ಅಲ್ಲಿ 'ಜಿಪಿಯು ಮೆಮೊರಿ' ಎಂದು ಕಾಣುವ ಒಟ್ಟು ಅಂಕಿಯಲ್ಲಿ ಮಾಮೂಲಿ ರ‍್ಯಾಮ್‌ನ ಅರ್ಧವೂ ಸೇರಿರುತ್ತದೆ. 8 ಜಿಬಿ ಕಾರ್ಡು, 16 ಜಿಬಿ ರ‍್ಯಾಮ್ ಇದ್ದರೆ ಅಲ್ಲಿ ಸುಮಾರು 16 ಎಂದು ತೋರಿಸುತ್ತದೆ. ಲೆಕ್ಕಕ್ಕೆ ಬರುವುದು 'ಡೆಡಿಕೇಟೆಡ್' ಎಂದಿರುವ ಸಾಲು ಮಾತ್ರ. ಆಡುವಾಗ ಆ ಸಾಲು ತುಂಬಿ, ಕೆಳಗಿನ 'ಶೇರ್ಡ್' ಏರತೊಡಗಿದರೆ ನಿಮ್ಮ ಗೇಮ್ ಮೆಮೊರಿ ಮೀರಿದೆ ಅಂತ ತಿಳಿಯಿರಿ.

ಈಗಾಗಲೇ 6 ಜಿಬಿ ಮಷೀನು ಕೈಯಲ್ಲಿದೆಯಾ? ಅದನ್ನು ಮಾರುವ ಅಗತ್ಯ ಇಲ್ಲ. ಮೊದಲು ಟೆಕ್ಸ್ಚರ್ ಒಂದು ಹೆಜ್ಜೆ ಇಳಿಸಿ. ಆಮೇಲೆ ರೇ ಟ್ರೇಸಿಂಗ್ ತೆಗೆಯಿರಿ. ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ ಇರಲಿ, ಅದು ಒಳಗೆ ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸುವುದರಿಂದ ಮೆಮೊರಿ ಸ್ವಲ್ಪ ಉಳಿಯುತ್ತದೆ. ಫ್ರೇಮ್‌ಗಳ ನಡುವೆ ಹೊಸ ಫ್ರೇಮ್ ಸೃಷ್ಟಿಸಿ ಸೇರಿಸುವ ಫ್ರೇಮ್ ಜನರೇಶನ್ ಮಾತ್ರ ಉಲ್ಟಾ, ತನಗೇ ಬೇರೆ ಜಾಗ ಕೇಳುತ್ತದೆ. ಮೆಮೊರಿ ಅಂಚಿನಲ್ಲಿರುವಾಗ ಅದನ್ನು ಆನ್ ಮಾಡಿದರೆ ಲಾಭಕ್ಕಿಂತ ತಡವರಿಕೆಯೇ ಜಾಸ್ತಿ. ಕೊನೆಗೆ, ಹೈಬ್ರಿಡ್ ಮೋಡ್ ಇದ್ದರೆ ಅದರಲ್ಲೂ ಒಮ್ಮೆ ಆಡಿ ನೋಡಿ. ಆಗ ಡೆಸ್ಕ್‌ಟಾಪ್, ಬ್ರೌಸರ್ ಎಲ್ಲಾ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೇಲೆ ಓಡುತ್ತವೆ. ಎಫ್‌ಪಿಎಸ್ ಸ್ವಲ್ಪ ಇಳಿಯಬಹುದು, ಆದರೆ ಅವು ಹಿಡಿದಿದ್ದ ಕೆಲವು ನೂರು ಎಂಬಿ ಜಾಗ ಗೇಮ್‌ಗೆ ಸಿಗುತ್ತದೆ.