ನಾದಮ್ ನೋಡುವುದಾದರೆ: ರಾಜಧಾನಿಯ ಟಿಕೆಟ್ಟೋ, ಸುಮ್‌ನ ಹುಲ್ಲುಗಾವಲೋ?

ಮಂಗೋಲಿಯಾದಲ್ಲಿ ಸ್ವಯಂಸೇವಕರಾಗಿ ಇರುವವರಿಗೆ ಜುಲೈ 11 ಹತ್ತಿರವಾದಂತೆ ಒಂದು ತೀರ್ಮಾನ ಮಾಡಲೇಬೇಕಾಗುತ್ತದೆ. ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟಗಳ ನಾದಮ್ ಎಂಬ, 1921ರ ಕ್ರಾಂತಿಯ ನೆನಪಿನ ರಾಷ್ಟ್ರೀಯ ಹಬ್ಬವನ್ನು ರಾಜಧಾನಿ ಉಲಾನ್‌ಬಾತರ್‌ನ ಕ್ರೀಡಾಂಗಣದಲ್ಲಿ ನೋಡುವುದೋ, ಕೆಲಸ ಮಾಡುವ ಸುಮ್‌ನಲ್ಲೇ, ಅಂದರೆ ನಮ್ಮ ತಾಲ್ಲೂಕಿನಂಥ ಊರಿನಲ್ಲೇ, ನೋಡುವುದೋ? ರಾಜಧಾನಿಯ ಏರ್ಪಾಡು ದೊಡ್ಡದು, ನಿಜ. ಆದರೆ ಕೊಟ್ಟ ದುಡ್ಡಿಗೆ ಸಿಗುವುದು ಏನು ಎಂದು ಲೆಕ್ಕ ಹಾಕಿದರೆ ಸುಮ್‌ನ ನಾದಮ್ ಎಷ್ಟೋ ಮೇಲು.

ರಾಜಧಾನಿಯಲ್ಲಿ ಟಿಕೆಟ್ ಬೇಕಾಗುವುದು ಮುಖ್ಯವಾಗಿ ಉದ್ಘಾಟನೆಗೆ ಮತ್ತು ಸಮಾರೋಪಕ್ಕೆ. ಪ್ರವಾಸ ಕಂಪನಿಗಳು ಮೊದಲೇ ಸಗಟಾಗಿ ಕೊಳ್ಳುವುದರಿಂದ ಕೊನೆಯ ವಾರದಲ್ಲಿ ಹುಡುಕಿದರೆ ದುಪ್ಪಟ್ಟು ಬೆಲೆ ಕೇಳುತ್ತಾರೆ. ಚಾವಣಿ ಇರುವ ಕಡೆಯ ಆಸನಕ್ಕೆ ದರ ಹೆಚ್ಚು. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಊರು ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಗಾಳಿ ತಣ್ಣಗಿದ್ದರೂ ಬಿಸಿಲು ಚರ್ಮ ಸುಡುತ್ತದೆ, ಅದೇ ಮಧ್ಯಾಹ್ನ ಜೋರು ಮಳೆಯೂ ಬರಬಹುದು. ಟೋಪಿ, ಮಳೆಯಂಗಿ ಎರಡೂ ಚೀಲದಲ್ಲಿರಲಿ. ಹಣ ಒಳಜೇಬಿನಲ್ಲಿರಲಿ, ಕ್ರೀಡಾಂಗಣದ ಸುತ್ತ ಜೇಬುಗಳ್ಳರ ಕಾಟ ಇದೆ.

ಟಿಕೆಟ್ ಸಿಗದವರು ಕೊರಗಬೇಕಿಲ್ಲ. 11ರ ಬೆಳಿಗ್ಗೆ ಸುಖ್‌ಬಾತರ್ ಚೌಕದಿಂದ ಕುದುರೆ ಸವಾರರು ಒಂಬತ್ತು ಬಿಳಿ ಧ್ವಜಗಳನ್ನು ಕ್ರೀಡಾಂಗಣಕ್ಕೆ ಒಯ್ಯುತ್ತಾರೆ. ಕುದುರೆ ಬಾಲದ ಕೂದಲಿನಿಂದ ಮಾಡಿದ ಧ್ವಜಗಳು ಇವು. ಇಡೀ ರಾಜಧಾನಿಯ ಹಬ್ಬದಲ್ಲಿ ಮೈ ಜುಮ್ಮೆನಿಸುವ ಹೊತ್ತು ಇದೇ, ಇದಕ್ಕೆ ದುಡ್ಡಿಲ್ಲ. ಬಿಲ್ಲುಗಾರಿಕೆಗೂ ಟಿಕೆಟ್ ಬೇಡ. ಗಂಡಸರು 75 ಮೀಟರ್ ದೂರದಿಂದ, ನೆಲದ ಮೇಲೆ ಜೋಡಿಸಿದ ಸಣ್ಣ ಚರ್ಮದ ಉರುಳೆಗಳಿಗೆ ಗುರಿ ಇಡುತ್ತಾರೆ. ತೀರ್ಪುಗಾರರು ಗುರಿಯ ಪಕ್ಕದಲ್ಲೇ ನಿಂತು, ಬಾಣ ತಾಗಿದೊಡನೆ ಕೈಯೆತ್ತಿ ‘ಊಖಾಯ್’ ಎಂದು ರಾಗವಾಗಿ ಕೂಗುತ್ತಾರೆ. ಆ ಕೂಗು ಕೇಳಿದರೆ ಸಾಕು, ಬಾಣ ತಾಗಿತೆಂದು ಗೊತ್ತಾಗುತ್ತದೆ.

ಕುಸ್ತಿಗೆ ತಾಳ್ಮೆ ಬೇಕು. ರಾಜಧಾನಿಯಲ್ಲಿ ಸಾಮಾನ್ಯವಾಗಿ 512 ಪೈಲ್ವಾನರು, ಒಂಬತ್ತು ಸುತ್ತು. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ಕಂಡವರಿಗೆ ಇಲ್ಲಿನ ಕ್ರಮ ಅಚ್ಚರಿ ತರಿಸುತ್ತದೆ: ತೂಕದ ವಿಭಾಗವೇ ಇಲ್ಲ. ಮೊಣಕಾಲೋ ಮೊಣಕೈಯೋ ಬೆನ್ನೋ ನೆಲಕ್ಕೆ ತಾಗಿದವನು ಸೋತ. ಮೊದಲ ಸುತ್ತುಗಳಲ್ಲಿ ಹಲವು ಜೋಡಿಗಳು ಒಟ್ಟಿಗೇ ಆಡುವುದರಿಂದ ದೂರದ ಆಸನದಿಂದ ಏನೂ ತಿಳಿಯುವುದಿಲ್ಲ. ಐದನೇ ಸುತ್ತಿನ ಹೊತ್ತಿಗೆ ಬನ್ನಿ. ಐದು ಗೆದ್ದವನಿಗೆ ಗಿಡುಗ, ಏಳಕ್ಕೆ ಆನೆ, ಎಂಟಕ್ಕೆ ಗರುಡ, ಕೊನೆಯ ಗೆಲುವಿಗೆ ಸಿಂಹ ಎಂಬ ಬಿರುದು. ಪೈಪೋಟಿ ಬಿಗಿಯಾಗುವುದು ಅಲ್ಲಿಂದ.

ಕುದುರೆ ಓಟ ನಡೆಯುವುದು ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಖುಯ್ ದೋಲೋನ್ ಖುದಗ್‌ನಲ್ಲಿ. ಬೆಳಕು ಹರಿಯುವಾಗಲೇ ಹೊರಡಿ, ತಡವಾದರೆ ವಾಹನಗಳ ಸಾಲಿನಲ್ಲೇ ಓಟ ಮುಗಿದಿರುತ್ತದೆ. ಓಟ ಶುರುವಾಗುವುದು ಕಣ್ಣಿಗೆ ಕಾಣದಷ್ಟು ದೂರದಲ್ಲಿ. ಎರಡು ವರ್ಷದ ಮರಿಗೆ ಹತ್ತು-ಹನ್ನೆರಡು ಕಿ.ಮೀ., ದೊಡ್ಡ ಕುದುರೆಗೆ ಇಪ್ಪತ್ತೈದರ ಆಸುಪಾಸು. ಹಾಗಾಗಿ ನೋಡಸಿಗುವುದು ಕೊನೆಯ ಕೆಲವು ನಿಮಿಷ ಮಾತ್ರ. ದುರ್ಬೀನು ಇದ್ದರೆ ಧೂಳಿನ ಗೆರೆ ಮೊದಲೇ ಕಾಣುತ್ತದೆ. ಗೆದ್ದ ಕುದುರೆಯ ಬೆವರು ಮುಟ್ಟಿದರೆ ಅದೃಷ್ಟವೆಂದು ಜನ ಮುನ್ನುಗ್ಗುತ್ತಾರೆ, ನೀವು ಹಗ್ಗದಿಂದ ಈಚೆಗೇ ಇರಿ. ಸವಾರರು ಪುಟ್ಟ ಮಕ್ಕಳು. ಹೆಲ್ಮೆಟ್ ಕಡ್ಡಾಯವಾದರೂ ಬೀಳುವ ಅಪಾಯ ತಪ್ಪಿಲ್ಲ. ಆ ದೇಶದಲ್ಲೇ ಇದಕ್ಕೆ ವಿರೋಧವಿದೆ, ಅದು ನ್ಯಾಯವಾದ ವಿರೋಧ.

ಇನ್ನು ಊಟ. ಹಬ್ಬದ ತಿಂಡಿ ಎಂದರೆ ಖೂಶೂರ್. ಮೈದಾ, ನೀರು, ಉಪ್ಪಿನ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಕೊಚ್ಚಿದ ಕುರಿ ಮಾಂಸ ಮತ್ತು ಈರುಳ್ಳಿ ತುಂಬಿ, ಅರ್ಧಚಂದ್ರದಂತೆ ಮಡಚಿ ಕರಿಯುತ್ತಾರೆ. ಒಳ್ಳೆಯ ಡೇರೆ ಗುರುತಿಸುವುದು ಸುಲಭ: ಮುಂದೆ ಜನ ಸಾಲು ನಿಂತಿರಬೇಕು, ಆಗಾಗಲೇ ಲಟ್ಟಿಸಿ ಬಾಣಲೆಗೆ ಬಿಡುತ್ತಿರಬೇಕು. ತಟ್ಟೆಯಲ್ಲಿ ಪೇರಿಸಿಟ್ಟದ್ದು ಬೇಡ. ಆರಿದರೆ ಕುರಿಯ ಕೊಬ್ಬು ಹೆಪ್ಪುಗಟ್ಟಿ ಅಂಗುಳಿಗೆ ಅಂಟುತ್ತದೆ. ಎಣ್ಣೆ ಸರಿಯಾಗಿ ಕಾಯದಿದ್ದರೆ ಹಿಟ್ಟು ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಮಡಚುವಾಗ ಒಳಗಿನ ಗಾಳಿ ಹೊರಹಾಕದಿದ್ದರೆ ಬಾಣಲೆಯಲ್ಲೇ ಒಡೆದು ರಸವೆಲ್ಲ ಸೋರಿಹೋಗುತ್ತದೆ. ಚೆನ್ನಾಗಿ ಬಂದದ್ದರ ಒಳಗೆ ಕುದಿಯುವ ರಸ ಇರುತ್ತದೆ, ಆದ್ದರಿಂದ ಮೊದಲು ತುದಿ ಕಚ್ಚಿ ರಸ ಹೀರಿ, ಆಮೇಲೆ ತಿನ್ನಿ. ಸಸ್ಯಾಹಾರಿಗಳಿಗೆ ಕೆಲವು ಕಡೆ ಆಲೂಗಡ್ಡೆ, ಎಲೆಕೋಸಿನದು ಸಿಗುತ್ತದೆ, ಆದರೆ ಬಾಣಲೆ ಒಂದೇ. ಅದು ಒಗ್ಗದವರು ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ಐರಗ್ ಎಂದರೆ ಹುಳಿಬರಿಸಿದ ಕುದುರೆ ಹಾಲು, ಸ್ವಲ್ಪ ಮದ್ಯಾಂಶವೂ ಇದೆ. ಅಭ್ಯಾಸವಿಲ್ಲದ ಹೊಟ್ಟೆ ಕೆಡುವುದು ಸಾಮಾನ್ಯ. ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡು, ಎಡಗೈಯನ್ನು ಬಲ ಮೊಣಕೈಗೆ ಆಸರೆಯಾಗಿ ಹಿಡಿಯಿರಿ. ಒಂದು ಗುಟುಕು ಕುಡಿದು ಬಟ್ಟಲು ಹಿಂದಿರುಗಿಸಿದರೆ ಯಾರೂ ಬೇಸರಪಡುವುದಿಲ್ಲ.

ಸುಮ್‌ನಲ್ಲಿ ಇವೆಲ್ಲವೂ ಹುಲ್ಲಿನ ಮೇಲೆ ಕೂತು, ಕೈಗೆಟಕುವ ದೂರದಲ್ಲಿ ಸಿಗುತ್ತವೆ. ಪೈಲ್ವಾನರು ಹತ್ತಾರು ಮಂದಿ ಅಷ್ಟೇ, ಅವರಲ್ಲಿ ನೀವು ಪಾಠ ಹೇಳುವ ಶಾಲೆಯ ಚಾಲಕನೂ ಇರಬಹುದು. ಪಕ್ಕದಲ್ಲಿ ಕೂತವರು ಯಾರ ಕುದುರೆ ಯಾವುದು, ಹೋದ ವರ್ಷ ಯಾರು ಬಿದ್ದರು ಎಂದು ವಿವರಿಸುತ್ತಾರೆ. ರಾಜಧಾನಿಯ ಯಾವ ಆಸನದಲ್ಲೂ ಈ ಒಡನಾಟ ಸಿಗದು. ಸುಮ್‌ಗಳ ನಾದಮ್ ಎಲ್ಲ ಕಡೆ ಒಂದೇ ದಿನ ಇರುವುದಿಲ್ಲ, ದಿನಾಂಕವನ್ನು ಊರ ಆಡಳಿತ ಕಚೇರಿಯಲ್ಲೇ ವಿಚಾರಿಸಿ. ಹಾಗಾಗಿ ಎರಡನ್ನೂ ನೋಡುವ ಅವಕಾಶವೂ ಕೆಲವೊಮ್ಮೆ ಒದಗುತ್ತದೆ.

ದೇಲ್ ಎಂಬ ಉದ್ದಂಗಿ ಹೊಲಿಸುವುದಾದರೆ ಜೂನ್ ಮೊದಲಲ್ಲೇ ಅಳತೆ ಕೊಡಿ, ಆಮೇಲೆ ದರ್ಜಿಗಳಿಗೆ ಪುರುಸೊತ್ತಿರುವುದಿಲ್ಲ. ಎಡಮಗ್ಗುಲು ಮೇಲೆ ಬಂದು ಗುಂಡಿ ಬಲಗಡೆ ಬೀಳಬೇಕು. ಹಬ್ಬದ ಆಚೀಚೆ ಬಸ್ಸುಗಳು ತುಂಬಿರುತ್ತವೆ, ಆದ್ದರಿಂದ ಹೋಗುವ ಟಿಕೆಟ್ ಜೊತೆಗೇ ವಾಪಸ್ ಬರುವುದನ್ನೂ ಕಾಯ್ದಿರಿಸಿ. ಅಂಗಡಿಗಳು ಮುಚ್ಚುವುದರಿಂದ ಮೂರು ದಿನಕ್ಕಾಗುವಷ್ಟು ದಿನಸಿ 10ರ ಸಂಜೆಯೊಳಗೆ ತಂದಿಡಿ.