ಬಿಯರ್ ಜಾತ್ರೆ: ಲೀಟರ್ ಮಗ್ಗಾ, ಅರ್ಧ ಲೀಟರ್ ಗ್ಲಾಸಾ?

ಮೊದಲೇ ಹೇಳಿಬಿಡುತ್ತೇನೆ, ಅರ್ಧ ಲೀಟರ್ ಸಿಗುವ ಕಡೆ ನಾನು ಒಂದು ಲೀಟರ್ ಕೊಳ್ಳುವುದಿಲ್ಲ. ಬೆಂಗಳೂರಿನಿಂದ ಕೆಲಸಕ್ಕೆ ಜರ್ಮನಿಯ ಎರ್ಲಾಂಗೆನ್‌ಗೆ ಬಂದ ಮೇಲೆ ಮ್ಯೂನಿಕ್‌ನ ಆಕ್ಟೋಬರ್‌ಫೆಸ್ಟ್, ಈ ಊರಿನ ಬೆರ್ಗ್‌ಕಿರ್ಶ್‌ವೈ, ಹತ್ತಿರದ ಬಾಂಬೆರ್ಗ್‌ನ ಸಾಂಡ್‌ಕೆರ್ವಾ, ಈ ಮೂರೂ ಜಾತ್ರೆಗಳಲ್ಲಿ ಕುಡಿದು ನೋಡಿದ್ದೇನೆ. ಕೊಲೋನ್‌ನ ಪುಟ್ಟ ಗ್ಲಾಸನ್ನೂ ಬಿಟ್ಟಿಲ್ಲ.

ಮ್ಯೂನಿಕ್‌ನ ದೊಡ್ಡ ಟೆಂಟ್‌ಗಳಲ್ಲಿ ಆಯ್ಕೆಯೇ ಇಲ್ಲ ಅನ್ನಬಹುದು. ಬರುವುದು ಲೀಟರ್ ಮಗ್, ಅಂದರೆ ಮಾಸ್. 2025ರಲ್ಲಿ ಅದಕ್ಕೆ 14.50ರಿಂದ 15.80 ಯೂರೋ ಇತ್ತು, ಟಿಪ್ಸ್ ಬೇರೆ. ಅಲ್ಲಿನ ಬಿಯರ್ ಸುಮಾರು 6% ಇರುವುದರಿಂದ ಮಾಮೂಲಿಗಿಂತ ಸ್ವಲ್ಪ ಸ್ಟ್ರಾಂಗ್. ಮೊದಲ ಕೆಲವು ಗುಟುಕು ನಿಜಕ್ಕೂ ಅದ್ಭುತ. ಆದರೆ ನಾನು ಹರಟೆ ಹೊಡೆಯುತ್ತಾ ನಿಧಾನವಾಗಿ ಕುಡಿಯುವವನು. ಅರ್ಧ ಮುಗಿಯುವ ಹೊತ್ತಿಗೆ ಗ್ಯಾಸ್ ಹೋಗಿರುತ್ತದೆ, ತಣ್ಣಗಿದ್ದದ್ದು ಬೆಚ್ಚಗಾಗಿರುತ್ತದೆ. ಅಷ್ಟು ದುಡ್ಡು ಕೊಟ್ಟು ಕೊನೆಯದನ್ನು ಕಷ್ಟಪಟ್ಟು ಯಾಕೆ ಕುಡಿಯಬೇಕು, ಅಲ್ವಾ? ಬೇಗ ಕುಡಿಯುವವರಿಗೆ ಈ ತೊಂದರೆ ಇಲ್ಲ.

ಬೆರ್ಗ್‌ಕಿರ್ಶ್‌ವೈ ನನಗೆ ತುಂಬಾ ಇಷ್ಟ. 1755ರಿಂದ ನಡೆಯುತ್ತಿರುವ ಜಾತ್ರೆ ಅದು. ಗುಡ್ಡದೊಳಗೆ ಕೊರೆದ ಬಿಯರ್ ನೆಲಮಾಳಿಗೆಗಳು, ಮೇಲೆ ಮರದ ನೆರಳಲ್ಲಿ ಬೆಂಚುಗಳು. ಇಲ್ಲೂ ಲೀಟರೇ, ಆದರೆ ಬೂದು ಬಣ್ಣದ ಪಿಂಗಾಣಿಯಂಥ ದಪ್ಪ ಮಗ್‌ನಲ್ಲಿ. ಬಿಯರ್ ಹೆಚ್ಚು ಹೊತ್ತು ತಣ್ಣಗಿರುತ್ತದೆ, ನಿಜ.

ತಲೆನೋವು ಬೇರೆಯೇ ಇದೆ. ಆ ಮಗ್ ಪಾರದರ್ಶಕ ಅಲ್ಲ. ಎಷ್ಟು ತುಂಬಿದ್ದಾರೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಒಂದು ಸಲ ಒಂದು ಕೌಂಟರ್‌ನಲ್ಲಿ ನೊರೆ ಉಕ್ಕುತ್ತಿದ್ದ ಮಗ್ ಕೊಟ್ಟರು. ಬೆಂಚಿಗೆ ಬಂದು ಎರಡು ಗುಟುಕು ಕುಡಿದೆ. ಅಷ್ಟರಲ್ಲಿ ನೊರೆ ಕೂತಿತು. ನೋಡಿದರೆ ಬಿಯರ್ ಅಂಚಿನಿಂದ ನಾಲ್ಕು ಬೆರಳು ಕೆಳಗಿದೆ. ವಾಪಸ್ ತೆಗೆದುಕೊಂಡು ಹೋದೆ. 'ನೀವು ಕುಡಿದಿದ್ದೀರಲ್ಲ' ಅಂದರು. ಅದಕ್ಕೆ ಏನು ಉತ್ತರ ಕೊಡುವುದು? ಬಾಯಿಗಿಟ್ಟ ಕ್ಷಣವೇ ಸಾಕ್ಷಿ ಹೋಯಿತು.

ಗ್ಲಾಸಿನಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಅಳತೆಯ ಗೆರೆ ಗ್ಲಾಸಿನ ಮೇಲೇ ಇರುತ್ತದೆ. ಬಿಯರ್ ಗೆರೆ ಮುಟ್ಟಬೇಕು, ನೊರೆ ಅದರ ಮೇಲಿರಬೇಕು. ಮುಟ್ಟಿಲ್ಲದಿದ್ದರೆ ಬೆರಳಿಟ್ಟು ತೋರಿಸಿ ಇನ್ನಷ್ಟು ಹಾಕಿ ಅನ್ನಬಹುದು. ಮ್ಯೂನಿಕ್‌ನಲ್ಲಿ ಕಡಿಮೆ ತುಂಬುವವರ ವಿರುದ್ಧ ಒಂದು ಸಂಘವೇ ಇದೆ ಅಂದರೆ ಇದು ಜಿಪುಣತನದ ಮಾತಲ್ಲ ಅಂತ ಗೊತ್ತಾಗುತ್ತದೆ. ಬೂದು ಮಗ್ ಕೊಂಡರೆ ಈಗ ನಾನು ಕೌಂಟರ್ ಪಕ್ಕದಲ್ಲೇ ನಿಂತು, ನೊರೆ ಇಳಿದ ಮೇಲೆಯೇ ಬಾಯಿಗಿಡುತ್ತೇನೆ. ನೀವೂ ಹಾಗೇ ಮಾಡಿ.

ಬೆರ್ಗ್‌ಕಿರ್ಶ್‌ವೈನಲ್ಲಿ ಮಗ್‌ನ ಡೆಪಾಸಿಟ್ ವಾಪಸ್ ಪಡೆಯಲು ಮತ್ತೆ ಕ್ಯೂ.

ಕೊಲೋನ್‌ನ ಪಬ್‌ಗಳಲ್ಲಿ 200 ಮಿಲಿ ಗ್ಲಾಸ್. ಖಾಲಿಯಾದರೆ ಕೇಳದೆಯೇ ಇನ್ನೊಂದು ಇಟ್ಟು, ಕೋಸ್ಟರ್ ಮೇಲೆ ಗೀಟು ಹಾಕಿ ಹೋಗುತ್ತಾರೆ. ಸಾಕು ಅನ್ನಿಸಿದರೆ ಕೋಸ್ಟರನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಪ್ರತಿ ಗುಟುಕೂ ಫ್ರೆಶ್, ಆದರೆ ಲೆಕ್ಕ ಕೈಮೀರುತ್ತದೆ. ತಿಂಗಳ ಖರ್ಚು ನೋಡಿಕೊಂಡು ಹೊರಗೆ ಹೋಗುವ ನನಗೆ ಇದು ಆಗಿಬರುವುದಿಲ್ಲ.

ಬಾಂಬೆರ್ಗ್‌ನಲ್ಲಿ ಅರ್ಧ ಲೀಟರ್ ಮಾಮೂಲು. ಬೆಚ್ಚಗಾಗುವ ಮೊದಲೇ ಮುಗಿಯುತ್ತದೆ. ಅಲ್ಲಿನ ಹೊಗೆ ವಾಸನೆಯ ರೌಖ್‌ಬಿಯರ್ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಹಿಡಿಸದಿದ್ದರೂ ಅರ್ಧ ಲೀಟರ್ ಹೇಗೋ ಮುಗಿಸಬಹುದು, ಮುಂದಿನ ಗ್ಲಾಸ್ ಬೇರೆ ಬ್ರೂವರಿಯದು ಕೊಂಡರಾಯಿತು. ಎರಡು ಅರ್ಧಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಆದರೂ ಕೊಡುತ್ತೇನೆ, ಎರಡೂ ತಣ್ಣಗಿರುತ್ತವಲ್ಲ. ಒಂದೇ ಸಾಕು ಅನ್ನಿಸಿದ ದಿನ ಸುಮ್ನೆ ಎದ್ದು ಎಸ್1 ರೈಲು ಹತ್ತಿ ಮನೆಗೆ ಬರುತ್ತೇನೆ.

ಊರಿನಿಂದ ಯಾರಾದರೂ ಬಂದು ಮ್ಯೂನಿಕ್‌ಗೇ ಹೋಗೋಣ ಅಂದರೆ ಖಂಡಿತ ಹೋಗುತ್ತೇನೆ. ಅಲ್ಲಿ ಇಬ್ಬರಿಗೆ ಒಂದು ಮಾಸ್.