ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸಮ್ಮೇಳನ: 6,500 ರೂಪಾಯಿಗೆ ಸಿಕ್ಕಿದ್ದೇನು

ಚಿಕ್ಕಮಗಳೂರಿನ ಪದವಿ ಕಾಲೇಜೊಂದರಲ್ಲಿ ನಾನು ಕಾಮರ್ಸ್ ಪಾಠ ಮಾಡುತ್ತೇನೆ. ಮನೆಯಲ್ಲಿ ನಾಲ್ಕು ಎಕರೆ ಕಾಫಿ ತೋಟವೂ ಇದೆ. ಜಾಗತಿಕ ಆರ್ಥಿಕತೆ ಮತ್ತು ನಿರ್ವಹಣೆ ಬಗ್ಗೆ ಬೆಂಗಳೂರಿನಲ್ಲಿ ಮೂರು ದಿನದ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದಕ್ಕೆ ಕಳಿಸಿದ್ದ ನನ್ನ ಪೇಪರ್ ಆಯ್ಕೆಯಾಯಿತು. ರಿಜಿಸ್ಟ್ರೇಷನ್ 6,500 ರೂಪಾಯಿ, ಉಳಿದುಕೊಳ್ಳುವ ಖರ್ಚು ಬೇರೆ. ಎಲ್ಲ ಕೈಯಿಂದಲೇ ಹಾಕಿದೆ. ಹೋಗುವ ಯೋಚನೆ ಇರುವ ಮೇಷ್ಟ್ರುಗಳಿಗೆ, ಪಿಎಚ್‌ಡಿ ಮಾಡುತ್ತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಪೇಪರ್ ನಮ್ಮೂರಿನ ವಿಷಯವೇ. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ ಎಂಬುದು ಅದರ ನಿಯಮ. ಬೆಳೆದ ಜಾಗವನ್ನು ಜಿಪಿಎಸ್ ಗುರುತಿನ ಸಮೇತ ತೋರಿಸಬೇಕು. ನಮ್ಮ ಕಾಫಿ ಜಾಸ್ತಿ ಹೋಗುವುದೇ ಹೊರದೇಶಕ್ಕೆ, ಅದರಲ್ಲೂ ಯುರೋಪಿಗೆ. ಜಮೀನು ಜಂಟಿ ಖಾತೆಯಲ್ಲಿರುವವರು, ಪೋಡಿ ಆಗದವರು (ಅಂದರೆ ತಮ್ಮ ಪಾಲು ಇನ್ನೂ ಅಳೆದು ಬೇರೆಯಾಗದವರು) ಇದನ್ನು ಹೇಗೆ ನಿಭಾಯಿಸುತ್ತಾರೆ? 32 ಮನೆಗಳಿಗೆ ಹೋಗಿ ಕೇಳಿ ಬರೆದಿದ್ದೆ.

ಈ ಸಮ್ಮೇಳನದಲ್ಲಿ ಪ್ರತಿ ಪೇಪರಿಗೂ ಒಬ್ಬ ಡಿಸ್ಕಸೆಂಟ್ ಇದ್ದರು. ಪೇಪರನ್ನು ಮೊದಲೇ ಪೂರ್ತಿ ಓದಿಕೊಂಡು ಬಂದು ಅಭಿಪ್ರಾಯ ಹೇಳುವವರು. ನನಗೆ ಸಿಕ್ಕಿದ್ದು ವಯಸ್ಸಾದ ಒಬ್ಬ ಪ್ರೊಫೆಸರ್. 21 ಪುಟವನ್ನೂ ಪ್ರಿಂಟ್ ತೆಗೆದು, ಹಸಿರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. ಒಂಬತ್ತನೇ ಪುಟದಲ್ಲಿ ನಾನು 'ಬೆಳೆಗಾರರು ಈ ನಿಯಮವನ್ನು ವಿರೋಧಿಸುತ್ತಾರೆ' ಎಂದು ಬರೆದಿದ್ದೆ. ಅದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದರು: 'ವಿರೋಧವೋ, ಕಾಗದಪತ್ರ ಇಲ್ಲದ ಕಷ್ಟವೋ?' ಓದಿ ಸುಮ್ಮನೆ ಕೂತುಬಿಟ್ಟೆ. ಆ 32 ಮನೆಗಳಲ್ಲಿ ನಿಯಮ ಬೇಡ ಎಂದವರು ಎಷ್ಟು ಜನ, ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ ಎಂದವರು ಎಷ್ಟು ಜನ ಎಂದು ನಾನು ಬೇರೆಬೇರೆ ಮಾಡಿಯೇ ಇರಲಿಲ್ಲ. ಊರಿಗೆ ಬಂದ ಮೇಲೆ ನೋಟ್‌ಬುಕ್ ತೆಗೆದು ಮೊದಲಿನಿಂದ ಎಣಿಸುತ್ತಿದ್ದೇನೆ. ಪೇಪರಿನ ದಾರಿಯೇ ಬದಲಾಗಿದೆ.

ಇನ್ನೊಂದು ಲಾಭ ಟೀ ವಿರಾಮದಲ್ಲಿ ಸಿಕ್ಕಿತು. ವಿಯೆಟ್ನಾಂನಿಂದ ಬಂದಿದ್ದ ಉಪನ್ಯಾಸಕಿಯೊಬ್ಬರ ಮನೆಯವರೂ ರೋಬಸ್ಟಾ ಜಾತಿಯ ಕಾಫಿ ಬೆಳೆಯುತ್ತಾರಂತೆ, ದಾಕ್ ಲಾಕ್ ಪ್ರಾಂತ್ಯದಲ್ಲಿ. ಬೆಳಿಗ್ಗೆ ಎದ್ದು ಮೊದಲು ಏನು ನೋಡುತ್ತೀರಿ ಎಂದು ಕೇಳಿದೆ. ಮೊಬೈಲ್ ತೆಗೆದು ಲಂಡನ್ ಮಾರುಕಟ್ಟೆಯ ರೋಬಸ್ಟಾ ರೇಟು ತೋರಿಸಿದರು. ನನ್ನ ಮೊಬೈಲಿನಲ್ಲೂ ಅದೇ ಅಂಕಿ! ನಮ್ಮಲ್ಲಿ ಅದು 50 ಕೆಜಿ ಚೀಲದ ಚೆರಿ (ಒಣಗಿಸಿದ ಕಾಫಿ ಹಣ್ಣು) ರೇಟಾಗುತ್ತದೆ, ಅವರಲ್ಲಿ ಕಿಲೋಗೆ ಇಷ್ಟು ಡಾಂಗ್ ಎಂದಾಗುತ್ತದೆ, ಅಷ್ಟೇ. ನಾವಿಬ್ಬರೂ ಈಗ ಸೇರಿ ಒಂದು ಪೇಪರ್ ಬರೆಯುವ ಮಾತಾಗಿದೆ.

ಊಟ ಚೆನ್ನಾಗಿತ್ತು. ಬ್ಯಾಗು, ಸರ್ಟಿಫಿಕೇಟು ಎಲ್ಲ ಸರಿಯಾಗಿ ಕೊಟ್ಟರು.

ಬೇಜಾರಾಗಿದ್ದು ಸಮಯದ ವಿಷಯದಲ್ಲಿ. ಮೊದಲ ದಿನ ಉದ್ಘಾಟನೆ, ಹಾರ, ಶಾಲು, ಭಾಷಣ ಅಂತ ಒಂದೂವರೆ ಗಂಟೆ ಜಾಸ್ತಿ ಹೋಯಿತು. ಅದರ ಹೊಡೆತ ಬಿದ್ದಿದ್ದು ಸಂಜೆಯ ವಿದ್ಯಾರ್ಥಿಗಳ ಮೇಲೆ. 15 ನಿಮಿಷ ಇದ್ದದ್ದು 6 ನಿಮಿಷಕ್ಕೆ ಇಳಿಯಿತು. ಕಲಬುರಗಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ ಹುಡುಗಿಯೊಬ್ಬಳು ತೊಗರಿ ಬಗ್ಗೆ ಪೇಪರ್ ತಂದಿದ್ದಳು. ಮೊಜಾಂಬಿಕ್‌ನಿಂದ ತೊಗರಿ ತರಿಸಲು ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡಿತಲ್ಲ, ಆಮದು ಬಂದಾಗ ತನ್ನ ಊರಿನ ರೈತರು ಯಾವಾಗ ಮಾರುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಎರಡು ವರ್ಷ ಓಡಾಡಿ ಬರೆದದ್ದು. ಮೂರನೇ ಸ್ಲೈಡಿಗೇ ಬೆಲ್ ಹೊಡೆದರು. "ಮೇಡಂ, ಆರು ನಿಮಿಷದಾಗ ಏನ್ ಹೇಳ್ಲಿರಿ?" ಎಂದು ಹೊರಗೆ ಬಂದು ಕೇಳಿದಳು. ಅವಳ ಹತ್ತಿರವೂ ಫೀಸು ತೆಗೆದುಕೊಂಡಿದ್ದಾರೆ, ಅಲ್ವಾ? ಇದು ಅನ್ಯಾಯ. ಆಯೋಜಕರಿಗೆ ಹೇಳಿದೆ, ಇಮೇಲನ್ನೂ ಹಾಕಿದ್ದೇನೆ.

ಹೋಗುವವರು ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಡಿಸ್ಕಸೆಂಟ್ ಇರುತ್ತಾರಾ? ನಿಮ್ಮ ಪೇಪರ್ ಯಾವ ದಿನ, ಎಷ್ಟು ಹೊತ್ತಿಗೆ? ಮೊದಲ ದಿನ ಸಂಜೆ ಎಂದರೆ ಬೇರೆ ದಿನ ಕೇಳಿ, ಕೊಡುತ್ತಾರೆ. ಡಿಸ್ಕಸೆಂಟ್ ಇಲ್ಲದಿದ್ದರೆ ನಾನಂತೂ 6,500 ಕೊಡುವುದಿಲ್ಲ.

ಆ ಹುಡುಗಿಯ ಉಳಿದ ಸ್ಲೈಡುಗಳನ್ನು ಆವತ್ತು ರಾತ್ರಿ ಕ್ಯಾಂಟೀನಿನಲ್ಲಿ ಕೂತು ನೋಡಿದೆವು. ನಾನು, ವಿಯೆಟ್ನಾಂ ಮೇಡಂ, ಇನ್ನಿಬ್ಬರು. ಮುಗಿಯುವಾಗ ಹತ್ತು ಗಂಟೆ ದಾಟಿತ್ತು.